ವಯಸ್ಕರ ದೀರ್ಘಕಾಲದ ಸೈನಸೈಟಿಸ್: ಚಿಕಿತ್ಸಾ ಸಂಶೋಧನೆಯ ಸಮೀಕ್ಷೆ

ಮೂಗಿನ ಸುತ್ತಲಿನ ಮೂಳೆಗಳೊಳಗೆ ನಾಲ್ಕು ಜೊತೆ ಗಾಳಿಗೂಡುಗಳಿವೆ. ಕೆನ್ನೆಯ ಹಿಂದೆ ಒಂದು ಜೊತೆ, ಹಣೆಯಲ್ಲಿ ಒಂದು, ಎರಡು ಕಣ್ಣುಗಳ ನಡುವೆ ಜೇನುಗೂಡಿನಂಥ ಸಣ್ಣ ಕೋಣೆಗಳ ಒಂದು ಗುಂಪು, ತಲೆಬುರುಡೆಯ ತಳದಲ್ಲಿ ಇನ್ನೊಂದು. ಇವೇ ಸೈನಸ್‌ಗಳು. ಮೂಗಿನ ಲೋಳೆಪೊರೆಯೇ ಕಿರಿದಾದ ಬಾಯಿಗಳ ಮೂಲಕ ಒಳಹೊಕ್ಕು ಇವುಗಳ ಗೋಡೆಯನ್ನೂ ಹೊದ್ದಿರುವುದರಿಂದ ಮೂಗು ಊದಿಕೊಂಡರೆ ಸೈನಸ್ಸೂ ಊದಿಕೊಳ್ಳುತ್ತದೆ. ಹೀಗಾಗಿ ಇಂದಿನ ವೈದ್ಯರು ಎರಡನ್ನೂ ಒಂದೇ ಕಾಯಿಲೆಯಾಗಿ ನೋಡುತ್ತಾರೆ.

ಮೂಗು ಕಟ್ಟುವುದು, ಮೂಗಿನಿಂದ ಅಥವಾ ಗಂಟಲ ಹಿಂಬದಿಗೆ ಸಿಂಬಳ ಇಳಿಯುವುದು, ಮುಖ ಬಿಗಿದು ನೋಯುವುದು, ವಾಸನೆ ತಿಳಿಯದಿರುವುದು: ದೀರ್ಘಕಾಲದ ಸೈನಸೈಟಿಸ್ ಎನ್ನಲು ಈ ನಾಲ್ಕರಲ್ಲಿ ಕನಿಷ್ಠ ಎರಡು 12 ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಇರಬೇಕು, ಆ ಎರಡರಲ್ಲಿ ಒಂದು ಮೂಗು ಕಟ್ಟುವುದೋ ಸಿಂಬಳವೋ ಆಗಿರಬೇಕು. ಇಷ್ಟಿದ್ದರೂ ಸಾಲದು. ಎಂಡೋಸ್ಕೋಪಿಯಲ್ಲಿ ಕೀವು, ಊತ ಅಥವಾ ದುರ್ಮಾಂಸ (ಪಾಲಿಪ್) ಕಾಣಬೇಕು, ಇಲ್ಲವೇ ಸಿಟಿ ಸ್ಕ್ಯಾನ್‌ನಲ್ಲಿ ಬದಲಾವಣೆ ಕಾಣಬೇಕು. ಯುರೋಪಿನ ತಜ್ಞರು 2005ರಲ್ಲಿ ಮೊದಲು ಹೊರತಂದು 2007, 2012 ಮತ್ತು 2020ರಲ್ಲಿ ಪರಿಷ್ಕರಿಸಿದ ‘ಇಪೋಸ್’ ಎಂಬ ಮಾರ್ಗಸೂಚಿ ಈ ವ್ಯಾಖ್ಯೆಯನ್ನು ನೆಲೆಗೊಳಿಸಿತು. ಆಮ್‌ಸ್ಟರ್‌ಡ್ಯಾಮಿನ ವಿಟ್ಸ್‌ಕೆ ಫಾಕೆನ್ಸ್ ಮತ್ತು ಲಂಡನ್ನಿನ ವ್ಯಾಲರಿ ಲುಂಡ್ ಈ ಕೆಲಸದ ಮುಂಚೂಣಿಯಲ್ಲಿದ್ದವರು. ವ್ಯಾಖ್ಯೆ ಗಟ್ಟಿಯಾಗುವ ಮುಂಚೆ ಒಬ್ಬರ ಅಧ್ಯಯನದ ರೋಗಿ ಇನ್ನೊಬ್ಬರ ಅಧ್ಯಯನದಲ್ಲಿ ರೋಗಿಯೇ ಆಗದಿರುವ ಪರಿಸ್ಥಿತಿಯಿತ್ತು. ಹಳೆಯ ಫಲಿತಾಂಶಗಳನ್ನು ಒಂದಕ್ಕೊಂದು ಹೋಲಿಸಲು ಕಷ್ಟವಾಗುವುದು ಇದರಿಂದಲೇ.

2011ರಲ್ಲಿ ಪ್ರಕಟವಾದ ಯುರೋಪಿನ ಬಹುರಾಷ್ಟ್ರೀಯ ಸಮೀಕ್ಷೆಯೊಂದು ಅಂಚೆ ಮೂಲಕ ಪ್ರಶ್ನಾವಳಿ ಕಳಿಸಿ ವಯಸ್ಕರ ಲಕ್ಷಣಗಳನ್ನು ಕೇಳಿತು. ಉತ್ತರಿಸಿದವರಲ್ಲಿ ಶೇ. 10.9 ಮಂದಿಗೆ ಈ ಕಾಯಿಲೆಯ ಲಕ್ಷಣಗಳಿದ್ದವು. ಒಂದೊಂದು ಊರಿನಲ್ಲಿ ಈ ಪ್ರಮಾಣ ಶೇ. 7ರಿಂದ 27ರವರೆಗೆ ಏರಿಳಿಯಿತು. ಸ್ಕ್ಯಾನ್ ಅಥವಾ ಎಂಡೋಸ್ಕೋಪಿಯ ಪುರಾವೆಯನ್ನೂ ಕೇಳಿದರೆ ಈ ಸಂಖ್ಯೆ ಬಹಳಷ್ಟು ಇಳಿಯುತ್ತದೆ. ಪ್ರಾಣ ತೆಗೆಯುವ ಕಾಯಿಲೆ ಇದಲ್ಲವೆಂದು ಹಗುರವಾಗಿ ನೋಡುವವರಿದ್ದಾರೆ. ಆದರೆ 1995ರಲ್ಲಿ ಅಮೆರಿಕದ ಗ್ಲಿಕ್ಲಿಚ್ ಮತ್ತು ಮೆಟ್ಸನ್ ರೋಗಿಗಳ ಜೀವನಮಟ್ಟವನ್ನು ಅಳೆದಾಗ, ಮೈನೋವು ಮತ್ತು ಜನರೊಡನೆ ಬೆರೆಯುವಿಕೆಯ ವಿಷಯದಲ್ಲಿ ಇವರ ಸ್ಥಿತಿ ಹೃದಯ ವೈಫಲ್ಯ ಇರುವವರಿಗಿಂತಲೂ ಕೆಳಗಿತ್ತು. ನಿದ್ದೆಗೆಟ್ಟ ರಾತ್ರಿಗಳು, ರುಚಿಯಿಲ್ಲದ ಊಟ, ಮಧ್ಯಾಹ್ನಕ್ಕೇ ಮಂಕಾಗುವ ತಲೆ ಇವೆಲ್ಲ ವರ್ಷಗಟ್ಟಲೆ ಸೇರಿ ಆಗುವ ನಷ್ಟ ಅದು.

ಇನ್ನೊಂದು ಕಡೆ, ‘ನನಗೆ ಸೈನಸ್ ಇದೆ’ ಎನ್ನುವ ಎಲ್ಲರಿಗೂ ಈ ಕಾಯಿಲೆ ಇರುವುದಿಲ್ಲ. ನಮ್ಮ ಮನೆಗಳಲ್ಲಿ ಹಣೆ ನೋವೆಂದರೆ ಸಾಕು, ಸೈನಸ್ ಎಂದು ಷರಾ ಬರೆದುಬಿಡುತ್ತೇವೆ. 2004ರಲ್ಲಿ ಅಮೆರಿಕದಲ್ಲಿ ತಮ್ಮದು ಸೈನಸ್ ತಲೆನೋವೆಂದು ನಂಬಿದ್ದ 2,991 ಮಂದಿಯನ್ನು ಪರಿಶೀಲಿಸಿದಾಗ ಅವರಲ್ಲಿ ಶೇ. 88 ಮಂದಿಯ ನೋವು ಮೈಗ್ರೇನ್‌ನ ಲಕ್ಷಣಗಳಿಗೆ ಹೊಂದಿತು. ಮೈಗ್ರೇನ್ ಬಂದಾಗಲೂ ಮೂಗು ಕಟ್ಟಬಹುದು, ಕಣ್ಣಲ್ಲಿ ನೀರು ಬರಬಹುದು. ಬೇರೆ ಲಕ್ಷಣವಿಲ್ಲದೆ ಬರೀ ತಲೆನೋವಿಗಾಗಿ ವರ್ಷಗಟ್ಟಲೆ ಆಂಟಿಬಯಾಟಿಕ್ ನುಂಗಿದವರಿಗೆ ಈ ಒಂದು ಮಾಹಿತಿ ಮೊದಲೇ ಸಿಕ್ಕಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು.

ಕೀವು ಬಸಿಯುವುದರಿಂದ ಲೋಳೆಯ ದಾರಿಯವರೆಗೆ

ಇಂಗ್ಲಿಷ್ ವೈದ್ಯ ನಥಾನಿಯಲ್ ಹೈಮೋರ್ 1651ರಲ್ಲಿ ಕೆನ್ನೆಯ ಸೈನಸ್ಸನ್ನು ವಿವರವಾಗಿ ಬಣ್ಣಿಸಿದ ನಂತರ ಸುಮಾರು ಮೂರು ಶತಮಾನ ಕಾಲ ವೈದ್ಯರ ಕಣ್ಣಿಗೆ ಅದು ಕೀವು ತುಂಬುವ ಮೂಳೆಯ ಗುಂಡಿಯಾಗಿಯೇ ಕಂಡಿತು. ಗುಂಡಿಯಾದ ಮೇಲೆ ತೂತು ಕೊರೆದು ಬಸಿಯಬೇಕು. ನ್ಯೂಯಾರ್ಕಿನ ಜಾರ್ಜ್ ಕಾಲ್ಡ್‌ವೆಲ್ 1893ರಲ್ಲಿ, ಪ್ಯಾರಿಸ್ಸಿನ ಹೆನ್ರಿ ಲುಕ್ 1897ರಲ್ಲಿ ಬೇರೆಬೇರೆಯಾಗಿ ಪ್ರಕಟಿಸಿದ ಶಸ್ತ್ರಕ್ರಿಯೆ ಇಬ್ಬರ ಹೆಸರಿನಲ್ಲೂ ಉಳಿಯಿತು. ಮೇಲ್ದುಟಿಯನ್ನೆತ್ತಿ, ವಸಡಿನ ಮೇಲೆ ಕೊಯ್ದು, ಮೂಳೆ ಒಡೆದು ಸೈನಸ್ಸಿನೊಳಗೆ ಹೋಗುವುದು. ರೋಗಪೀಡಿತ ಪೊರೆಯನ್ನು ಕೆರೆದು ತೆಗೆಯುವುದು. ಮೂಗಿನ ಕೆಳಭಾಗಕ್ಕೆ ಹೊಸ ಕಿಟಕಿ ಕೊರೆಯುವುದು. ನೀರು ತಗ್ಗಿಗೆ ಹರಿಯುತ್ತದೆ, ಹಾಗಾಗಿ ಕಿಟಕಿ ತಳದಲ್ಲಿರಲಿ ಎಂಬ ತರ್ಕ ಸಹಜವಾಗಿಯೇ ಇತ್ತು.

ಆ ತರ್ಕ ತಪ್ಪೆಂಬುದನ್ನು ಕಣ್ಣಾರೆ ಕಂಡು ತೋರಿಸಿದವರಲ್ಲಿ ಆಸ್ಟ್ರಿಯದ ಗ್ರಾಜ್ ನಗರದ ವಾಲ್ಟರ್ ಮೆಸರ್‌ಕ್ಲಿಂಗರ್ ಮುಖ್ಯರು. ಸೈನಸ್ಸಿನ ಪೊರೆಯ ಮೇಲೆ ಸಿಲಿಯಾ ಎಂಬ ಅತಿಸೂಕ್ಷ್ಮ ರೋಮಗಳಿವೆ. ಇವು ಸೆಕೆಂಡಿಗೆ ಹತ್ತಾರು ಬಾರಿ ಒಂದೇ ದಿಕ್ಕಿಗೆ ಬಡಿಯುತ್ತ ಲೋಳೆಯ ತೆಳು ಪದರವನ್ನು ಮುಂದೆ ಸಾಗಿಸುತ್ತವೆ. ಮೆಸರ್‌ಕ್ಲಿಂಗರ್ ಈ ಚಲನೆಯ ಜಾಡು ಹಿಡಿದು ಹೋದರು. ಕೆನ್ನೆಯ ಸೈನಸ್ಸಿನ ತಳದಲ್ಲಿದ್ದ ಲೋಳೆ ಗುರುತ್ವಾಕರ್ಷಣೆಗೆ ಎದುರಾಗಿ ಗೋಡೆ ಹತ್ತಿ, ಮೇಲ್ಗಡೆ ಇರುವ ಸಹಜ ಬಾಯಿಯತ್ತಲೇ ಹೋಗುತ್ತಿತ್ತು. ತಳದಲ್ಲಿ ಶಸ್ತ್ರವೈದ್ಯ ಕೊರೆದ ಕಿಟಕಿ ಅಗಲವಾಗಿ ತೆರೆದಿದ್ದರೂ ಲೋಳೆ ಅದನ್ನು ಬಳಸಿಕೊಂಡು ದಾಟಿ ತನ್ನ ಹಳೆಯ ಬಾಗಿಲಿಗೇ ನಡೆಯುತ್ತಿತ್ತು. ಕಾಯಿಲೆಯ ಕೀಲಿ ಇರುವುದು ದೊಡ್ಡ ಗುಂಡಿಯಲ್ಲಲ್ಲ, ಹಲವು ಸೈನಸ್‌ಗಳ ಬಾಯಿಗಳು ಬಂದು ಕೂಡುವ ಮೂಗಿನ ಪಕ್ಕದ ಇಕ್ಕಟ್ಟಿನ ಸಂದಿಯಲ್ಲಿ ಎಂಬುದು ಇದರಿಂದ ಹೊಳೆಯಿತು.

ಆ ಸಂದಿಯನ್ನು ನೋಡಲು ಉಪಕರಣ ಬೇಕಿತ್ತು. ಬ್ರಿಟಿಷ್ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ ಗಾಜಿನ ಕಡ್ಡಿಗಳ ಮಸೂರ ವ್ಯವಸ್ಥೆ ರೂಪಿಸಿದರು, ಜರ್ಮನಿಯ ಕಾರ್ಲ್ ಸ್ಟೋರ್ಜ್ ಕಂಪನಿ ಅದನ್ನು 4 ಮಿಲಿಮೀಟರ್ ದಪ್ಪದ ಎಂಡೋಸ್ಕೋಪ್ ಆಗಿಸಿತು. ಮೆಸರ್‌ಕ್ಲಿಂಗರ್ ಅವರ ಪುಸ್ತಕ 1978ರಲ್ಲಿ ಬಂತು. 1985ರಲ್ಲಿ ಅಮೆರಿಕದ ಡೇವಿಡ್ ಕೆನಡಿ ಈ ತತ್ವದ ಮೇಲೆ ನಿಂತ ಶಸ್ತ್ರಕ್ರಿಯೆಯನ್ನು ಅಲ್ಲಿನ ವೈದ್ಯರಿಗೆ ಪರಿಚಯಿಸಿದರು. ಗ್ರಾಜ್‌ನ ಹೈನ್ಸ್ ಸ್ಟಾಂಬರ್ಗರ್ ಅದನ್ನು ಜಗತ್ತಿನ ಹಲವೆಡೆ ಕಲಿಸಿದರು. ಪೊರೆಯನ್ನು ಕೆರೆಯುವ ಬದಲು ಉಳಿಸಿಕೊಂಡು, ಸಹಜ ಬಾಯಿಯನ್ನೇ ಬಿಡಿಸಿಕೊಡುವ ಈ ವಿಧಾನ ಇಂದು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಆಸ್ಪತ್ರೆಗಳಲ್ಲೂ ದಿನನಿತ್ಯದ ಕೆಲಸವಾಗಿದೆ.

ಸ್ಕ್ಯಾನ್ ಒಂದು ಹೇಳುತ್ತದೆ, ರೋಗಿ ಇನ್ನೊಂದು ಹೇಳುತ್ತಾನೆ

ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಅಳತೆಗೋಲು ಬೇಕು. 1993ರಲ್ಲಿ ವ್ಯಾಲರಿ ಲುಂಡ್ ಮತ್ತು ಇಯಾನ್ ಮೆಕೇ ಸಿಟಿ ಸ್ಕ್ಯಾನ್‌ಗೆ ಅಂಕ ಕೊಡುವ ಸರಳ ಪದ್ಧತಿ ರೂಪಿಸಿದರು. ಸೈನಸ್ ಖಾಲಿಯಿದ್ದರೆ 0, ಅರೆಬರೆ ತುಂಬಿದ್ದರೆ 1, ಪೂರ್ತಿ ಮುಚ್ಚಿದ್ದರೆ 2. ಎರಡೂ ಪಕ್ಕ ಸೇರಿ ಗರಿಷ್ಠ 24. ಈ ಅಂಕ ಕೈಗೆ ಬಂದ ಮೇಲೆ ಒಂದು ಇಕ್ಕಟ್ಟು ಎದುರಾಯಿತು. ಯಾವ ತೊಂದರೆಯೂ ಇಲ್ಲದೆ ಬೇರಾವುದೋ ಕಾರಣಕ್ಕೆ ತಲೆಯ ಸ್ಕ್ಯಾನ್ ಮಾಡಿಸಿಕೊಂಡ ವಯಸ್ಕರಲ್ಲೂ ಸರಾಸರಿ 4ರಷ್ಟು ಅಂಕ ಕಂಡಿತು. 20 ಅಂಕದ ರೋಗಿ ಆರಾಮಾಗಿ ಓಡಾಡಿಕೊಂಡಿರಬಹುದು, 6 ಅಂಕದವರು ಹಾಸಿಗೆ ಹಿಡಿದಿರಬಹುದು. ಸ್ಕ್ಯಾನ್ ವರದಿಯನ್ನಷ್ಟೇ ನೋಡಿ ಶಸ್ತ್ರಕ್ರಿಯೆಗೆ ದಿನ ಗೊತ್ತುಮಾಡುವುದು ತಪ್ಪೆನ್ನಲು ಇಷ್ಟು ಸಾಕು.

ಈ ಕೊರತೆ ತುಂಬಲು ರೋಗಿಯ ಮಾತನ್ನೇ ಅಂಕವಾಗಿಸುವ ‘ಸ್ನಾಟ್–22’ ಬಂತು. ಇದರಲ್ಲಿ 22 ಪ್ರಶ್ನೆಗಳು. ಪ್ರತಿಯೊಂದಕ್ಕೂ 0ರಿಂದ 5. ಮೂಗು ಸೀಟುವುದು, ಸೀನು, ಕಿವಿ ತುಂಬಿದಂತಾಗುವುದರಿಂದ ಶುರುವಾಗುವ ಪ್ರಶ್ನೆಗಳು ರಾತ್ರಿ ಎಚ್ಚರವಾಗುವುದು, ಏಳುವಾಗ ದಣಿವು, ಗಮನ ಕೂಡದಿರುವುದು, ಬೇಸರ, ಸಂಕೋಚದವರೆಗೆ ಹೋಗುತ್ತವೆ. ಒಟ್ಟು 110ರಲ್ಲಿ ಸುಮಾರು 9 ಅಂಕ ಇಳಿದರೆ ಮಾತ್ರ ರೋಗಿಗೆ ‘ಪರವಾಗಿಲ್ಲ, ಸುಧಾರಿಸಿದೆ’ ಎನ್ನಿಸುತ್ತದೆಂದು 2009ರಲ್ಲಿ ಕ್ಲೇರ್ ಹಾಪ್ಕಿನ್ಸ್ ಮತ್ತು ಸಂಗಡಿಗರು ಬ್ರಿಟನ್ನಿನ ಸಾವಿರಾರು ರೋಗಿಗಳ ಮಾಹಿತಿಯಿಂದ ಕಂಡುಕೊಂಡರು. ಈ 9 ಅಂಕದ ಗೆರೆ ಈ ಕ್ಷೇತ್ರದ ಅತ್ಯಂತ ಉಪಯುಕ್ತ ಸಂಖ್ಯೆ. ಲೆಕ್ಕಶಾಸ್ತ್ರಕ್ಕೆ ಗೆದ್ದಂತೆ ಕಂಡ ಎಷ್ಟೋ ಔಷಧಿಗಳು ಈ ಗೆರೆಯ ಮುಂದೆ ಸೋತಿವೆ.

ಶಿಲೀಂಧ್ರದ ವಾದ ಮತ್ತು ಅದರ ಪರೀಕ್ಷೆ

ಕಾಯಿಲೆಗೆ ಮೂಲವೇನು ಎಂಬ ಪ್ರಶ್ನೆಗೆ ಬಹುಕಾಲ ಬ್ಯಾಕ್ಟೀರಿಯಾ ಎಂಬ ಒಂದೇ ಉತ್ತರವಿತ್ತು. 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಯೆನ್ಸ್ ಪೊನಿಕಾವ್ ತಂಡ ಸಂಚಲನ ಉಂಟುಮಾಡಿತು. 210 ರೋಗಿಗಳ ಲೋಳೆಯನ್ನು ಹೊಸ ವಿಧಾನದಲ್ಲಿ ಸಂಗ್ರಹಿಸಿ ಬೆಳೆಸಿದಾಗ 202 ಮಂದಿಯಲ್ಲಿ, ಅಂದರೆ ಶೇ. 96ರಷ್ಟು ಜನರಲ್ಲಿ, ಶಿಲೀಂಧ್ರ ಸಿಕ್ಕಿತು. ದೀರ್ಘಕಾಲದ ಸೈನಸೈಟಿಸ್‌ನ ಬಹುತೇಕ ಎಲ್ಲ ರೋಗಿಗಳಲ್ಲೂ ಶಿಲೀಂಧ್ರದ ವಿರುದ್ಧ ದೇಹ ತೋರುವ ಪ್ರತಿಕ್ರಿಯೆಯೇ ಕಾಯಿಲೆ ಎಂಬ ವಾದ ಹುಟ್ಟಿತು. ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲಿತ್ತು: ಹೋಲಿಕೆಗೆಂದು ತೆಗೆದುಕೊಂಡ 14 ಆರೋಗ್ಯವಂತರಲ್ಲಿ ಎಲ್ಲರ ಮೂಗಿನಲ್ಲೂ ಶಿಲೀಂಧ್ರ ಸಿಕ್ಕಿತ್ತು. ಉಸಿರಾಡುವ ಗಾಳಿಯಲ್ಲೇ ಅದರ ಬೀಜಾಣುಗಳಿರುವಾಗ ಇದು ಆಶ್ಚರ್ಯವಲ್ಲ.

ವಾದ ನಿಜವಾಗಿದ್ದರೆ ಶಿಲೀಂಧ್ರನಾಶಕ ಕೊಟ್ಟರೆ ಗುಣವಾಗಬೇಕು. ಯುರೋಪಿನ ಆರು ಕೇಂದ್ರಗಳಲ್ಲಿ 116 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಂಫೊಟೆರಿಸಿನ್–ಬಿ ಬೆರೆಸಿದ ದ್ರಾವಣ, ಇನ್ನೊಂದಕ್ಕೆ ಅದೇ ಬಣ್ಣದ ಹುಸಿ ದ್ರಾವಣ ಕೊಟ್ಟು 13 ವಾರ ಮೂಗು ತೊಳೆಸಿದರು. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. 2006ರಲ್ಲಿ ಫಲಿತಾಂಶ ಬಂತು: ಎರಡು ಗುಂಪುಗಳ ನಡುವೆ ವ್ಯತ್ಯಾಸವಿಲ್ಲ. ಮುಂದಿನ ವಿಮರ್ಶೆಗಳೂ ಅದನ್ನೇ ಹೇಳಿದವು. ಮಾರ್ಗಸೂಚಿಗಳು ಸಾಮಾನ್ಯ ರೋಗಿಗೆ ಶಿಲೀಂಧ್ರನಾಶಕ ಬೇಡವೆನ್ನುತ್ತವೆ.

ಹಾಗೆಂದು ಶಿಲೀಂಧ್ರವನ್ನು ಮರೆಯುವಂತಿಲ್ಲ, ಭಾರತದಲ್ಲಂತೂ ಸಲ್ಲದು. ಶಿಲೀಂಧ್ರದ ಅಲರ್ಜಿಯಿಂದ ಅಂಟಂಟಾದ ಗಟ್ಟಿ ಲೋಳೆ ಸೈನಸ್‌ಗಳಲ್ಲಿ ತುಂಬಿಕೊಂಡು ಮೂಳೆಯನ್ನೇ ಹಿಗ್ಗಿಸುವ ಒಂದು ಬಗೆಯಿದೆ; ಬೆಂಟ್ ಮತ್ತು ಕೂನ್ 1994ರಲ್ಲಿ ಅದರ ಗುರುತುಗಳನ್ನು ನಿಗದಿ ಮಾಡಿದರು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ನಿಧಾನವಾಗಿ ಅಂಗಾಂಶವನ್ನು ತಿನ್ನುತ್ತ ಕಣ್ಣಿನ ಗೂಡಿಗೆ ನುಗ್ಗುವ ಇನ್ನೊಂದು ಬಗೆ ಭಾರತ, ಪಾಕಿಸ್ತಾನ, ಸುಡಾನ್‌ಗಳಲ್ಲಿ ಹೆಚ್ಚು. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಅರುಣಾಲೋಕ್ ಚಕ್ರಬರ್ತಿ ಮತ್ತು ಸಂಗಡಿಗರು ಈ ಬಗೆಗಳನ್ನು ಬಿಡಿಸಿ ವರ್ಗೀಕರಿಸಿದ ಕೆಲಸವನ್ನು ಜಗತ್ತು ಒಪ್ಪಿಕೊಂಡಿದೆ. 2021ರಲ್ಲಿ ಕೋವಿಡ್ ಬೆನ್ನಿಗೆ ಬಂದು ಕರ್ನಾಟಕವನ್ನೂ ಕಾಡಿದ ‘ಕಪ್ಪು ಶಿಲೀಂಧ್ರ’ ಇವೆರಡೂ ಅಲ್ಲ. ಅದು ದಿನಗಳಲ್ಲೇ ಹರಡುವ ಮ್ಯೂಕರ್ ಸೋಂಕು.

ಇಂದಿನ ತಿಳಿವಳಿಕೆ ಉರಿಯೂತದ ಬಗೆಯನ್ನು ಕೇಳುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ದುರ್ಮಾಂಸ ಇರುವವರ ಪೊರೆಯಲ್ಲಿ ಸಾಮಾನ್ಯವಾಗಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಮುತ್ತಿರುತ್ತವೆ. ಇಂಟರ್‌ಲ್ಯೂಕಿನ್ 4, 5, 13 ಎಂಬ ಸಂದೇಶವಾಹಕ ಪ್ರೋಟೀನುಗಳು ಅವುಗಳನ್ನು ಕರೆತರುತ್ತವೆ. ಇಂಥ ರೋಗಿಗಳಲ್ಲಿ ಆಸ್ತಮಾ ಹೆಚ್ಚು, ವಾಸನೆ ಬೇಗ ಹೋಗುತ್ತದೆ, ಶಸ್ತ್ರಕ್ರಿಯೆಯಾದ ಮೇಲೂ ದುರ್ಮಾಂಸ ಮರಳುತ್ತದೆ. ಕೆಲವರಿಗೆ ಆಸ್ಪಿರಿನ್ ಅಥವಾ ಅದೇ ಜಾತಿಯ ನೋವಿನ ಮಾತ್ರೆ ನುಂಗಿದರೆ ಉಸಿರೇ ಕಟ್ಟುತ್ತದೆ. 1922ರಲ್ಲಿ ಫ್ರಾನ್ಸಿನ ವಿಡಾಲ್ ಗುರುತಿಸಿದ ಈ ಕೂಟವನ್ನು 1968ರಲ್ಲಿ ಸ್ಯಾಮ್ಟರ್ ಮತ್ತು ಬಿಯರ್ಸ್ ಮತ್ತೆ ಬೆಳಕಿಗೆ ತಂದರು. ಏಷ್ಯಾದ ಹಲವು ಪ್ರದೇಶಗಳಲ್ಲಿ ಇಯೊಸಿನೊಫಿಲ್ ಪ್ರಮಾಣ ಕಡಿಮೆ. ಪಶ್ಚಿಮದ ಫಲಿತಾಂಶವನ್ನು ಇಲ್ಲಿಗೆ ಹಾಗೆಯೇ ಎತ್ತಿಡಬಾರದು ಎನ್ನುವುದು ಇದಕ್ಕಾಗಿ.

ಉಪ್ಪುನೀರು, ಸ್ಪ್ರೇ, ಆಂಟಿಬಯಾಟಿಕ್

ಯೋಗಾಭ್ಯಾಸಿಗಳಿಗೆ ಜಲನೇತಿ ಹೊಸದಲ್ಲ. ಅದನ್ನು ಹೋಲುವ ಉಪ್ಪುನೀರಿನ ತೊಳೆತವನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಡೇವಿಡ್ ರಬಾಗೊ 76 ರೋಗಿಗಳ ಮೇಲೆ ಆರು ತಿಂಗಳು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ದಿನವೂ ತೊಳೆದವರ ಲಕ್ಷಣಗಳು ಕಡಿಮೆಯಾದವು, ಔಷಧಿಯ ಬಳಕೆಯೂ ತಗ್ಗಿತು. 2007ರಲ್ಲಿ ಮಿಷಿಗನ್‌ನಲ್ಲಿ 127 ವಯಸ್ಕರ ಮೇಲೆ ನಡೆದ ಪರೀಕ್ಷೆ ಹೆಚ್ಚು ನೀರಿನಿಂದ ತೊಳೆಯುವುದು ಉಪ್ಪುನೀರಿನ ಸ್ಪ್ರೇಗಿಂತ ಮೇಲೆಂದು ತೋರಿಸಿತು. ಪುರಾವೆ ಇನ್ನೂ ಬಲವಾಗಬೇಕೆಂದು ವಿಮರ್ಶಕರು ಹೇಳುವುದು ನಿಜ. ಆದರೂ ಇಷ್ಟು ಅಗ್ಗದ, ಇಷ್ಟು ನಿರಪಾಯದ ಚಿಕಿತ್ಸೆ ಇನ್ನೊಂದಿಲ್ಲ. ಅಪಾಯವಿರುವುದು ನೀರಿನಲ್ಲಿ. 2011ರಲ್ಲಿ ಅಮೆರಿಕದ ಲೂಯಿಸಿಯಾನಾದಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದ ಇಬ್ಬರು ಮಿದುಳು ತಿನ್ನುವ ಅಮೀಬಾದಿಂದ ಸತ್ತರು. ಕುಡಿಯಲು ಯೋಗ್ಯವಾದ ನೀರು ಮೂಗಿಗೆ ಯೋಗ್ಯವಲ್ಲ. ಕುದಿಸಿ ಆರಿಸಿದ ನೀರೇ ಆಗಬೇಕು.

ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇ ಎಲ್ಲ ಮಾರ್ಗಸೂಚಿಗಳ ಮೊದಲ ಸಾಲಿನಲ್ಲಿದೆ. ದುರ್ಮಾಂಸ ಇರುವವರಲ್ಲಿ ಅದರ ಪುರಾವೆ ಗಟ್ಟಿ, ಇಲ್ಲದವರಲ್ಲಿ ಬಹುಕಾಲ ತೆಳುವಾಗಿತ್ತು. ಉಸಿರು ಹೊರಬಿಡುವ ಬಲದಿಂದಲೇ ಫ್ಲುಟಿಕಾಸೋನ್ ಔಷಧಿಯನ್ನು ಮೂಗಿನ ಆಳಕ್ಕೆ ತಳ್ಳುವ ಸಾಧನವನ್ನು ಎರಡು ದೊಡ್ಡ ಪರೀಕ್ಷೆಗಳ ಆಧಾರದ ಮೇಲೆ ಅಮೆರಿಕ 2024ರಲ್ಲಿ ದುರ್ಮಾಂಸ ಇಲ್ಲದವರಿಗೂ ಒಪ್ಪಿತು. ಸಾಮಾನ್ಯ ಸ್ಪ್ರೇ ಸೋಲುವುದಕ್ಕೆ ಎಷ್ಟೋ ಸಲ ಬಳಸುವ ರೀತಿಯೇ ಕಾರಣ. ತುದಿಯನ್ನು ಮೂಗಿನ ನಡುಗೋಡೆಗೆ ಹಿಡಿದರೆ ರಕ್ತ ಬರುತ್ತದೆ, ಔಷಧಿ ಗಂಟಲಿಗಿಳಿಯುತ್ತದೆ. ಹೊರಗೋಡೆಯತ್ತ, ಅಂದರೆ ಅದೇ ಬದಿಯ ಕಣ್ಣಿನ ಹೊರಮೂಲೆಯತ್ತ, ಗುರಿಯಿಡಬೇಕು. ನಾಲ್ಕು ದಿನ ಹೊಡೆದು ಬಿಟ್ಟರೂ ಆಗದು; ವಾರಗಟ್ಟಲೆ ಬೇಕು. ನುಂಗುವ ಸ್ಟೀರಾಯ್ಡ್ ದುರ್ಮಾಂಸವನ್ನು ಬೇಗ ಕುಗ್ಗಿಸುತ್ತದೆ, ಆದರೆ ಕೆಲವು ತಿಂಗಳಲ್ಲಿ ಲಾಭ ಕರಗುತ್ತದೆ, ಸಕ್ಕರೆ ಕಾಯಿಲೆ ಮತ್ತು ಮೂಳೆ ಸವೆತದ ಅಪಾಯ ಉಳಿಯುತ್ತದೆ.

ಆಂಟಿಬಯಾಟಿಕ್ ವಿಷಯದಲ್ಲಿ ರೂಢಿ ಮತ್ತು ಪುರಾವೆ ಬೇರೆಬೇರೆ ದಾರಿ ಹಿಡಿದಿವೆ. ಜಪಾನಿನಲ್ಲಿ ಒಂದು ಶ್ವಾಸಕೋಶದ ಕಾಯಿಲೆಗೆ ಎರಿಥ್ರೊಮೈಸಿನ್ ಅನ್ನು ಸಣ್ಣ ಪ್ರಮಾಣದಲ್ಲಿ ದೀರ್ಘಕಾಲ ಕೊಟ್ಟಾಗ ರೋಗಿಗಳ ಸೈನಸ್ಸೂ ಸುಧಾರಿಸಿದ್ದರಿಂದ ಮ್ಯಾಕ್ರೊಲೈಡ್ ಗುಂಪಿನ ಮೇಲೆ ಭರವಸೆ ಹುಟ್ಟಿತು. 2006ರಲ್ಲಿ ಆಸ್ಟ್ರೇಲಿಯದ 64 ರೋಗಿಗಳ ಪರೀಕ್ಷೆಯಲ್ಲಿ ರಾಕ್ಸಿಥ್ರೊಮೈಸಿನ್ ಲಾಭ ತೋರಿತು, 2011ರಲ್ಲಿ ಯುರೋಪಿನ 60 ರೋಗಿಗಳ ಪರೀಕ್ಷೆಯಲ್ಲಿ ಅಜಿಥ್ರೊಮೈಸಿನ್ ತೋರಲಿಲ್ಲ. ಬ್ರಿಟನ್ನಿನಲ್ಲಿ 500ಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡ ‘ಮ್ಯಾಕ್ರೊ’ ಪರೀಕ್ಷೆ 2025ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಮೂರು ತಿಂಗಳ ಕ್ಲಾರಿಥ್ರೊಮೈಸಿನ್ ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ.

ಶಸ್ತ್ರಕ್ರಿಯೆ ಮತ್ತು ಹೊಸ ಚುಚ್ಚುಮದ್ದು

ಅದೇ ಮ್ಯಾಕ್ರೊ ಪರೀಕ್ಷೆಯಲ್ಲಿ ಎಂಡೋಸ್ಕೋಪ್ ಶಸ್ತ್ರಕ್ರಿಯೆಯಾದವರ ಸ್ನಾಟ್ ಅಂಕ ಆರು ತಿಂಗಳ ಹೊತ್ತಿಗೆ ಬರೀ ಔಷಧಿಯವರಿಗಿಂತ ಸುಮಾರು 20ರಷ್ಟು ಕೆಳಗಿತ್ತು. ಇದು 9ರ ಗೆರೆಯ ಎರಡು ಪಟ್ಟು. ಇದಕ್ಕೆ ಮುಂಚೆ ಬಂದ ಫಲಿತಾಂಶಗಳು ಇಷ್ಟು ಖಚಿತವಾಗಿರಲಿಲ್ಲ. 2004ರಲ್ಲಿ ಲಂಡನ್ನಿನಲ್ಲಿ 90 ರೋಗಿಗಳನ್ನು ಹೋಲಿಸಿದ ರಗಾಬ್ ತಂಡ ಔಷಧಿ ಮತ್ತು ಶಸ್ತ್ರಕ್ರಿಯೆ ಹೆಚ್ಚುಕಡಿಮೆ ಸಮ ಎಂದಿತ್ತು; 2022ರಲ್ಲಿ ನೆದರ್ಲೆಂಡ್ಸ್‌ನಲ್ಲಿ ದುರ್ಮಾಂಸವಿದ್ದ 234 ರೋಗಿಗಳ ಪರೀಕ್ಷೆಯಲ್ಲಿ ಒಂದು ವರ್ಷದ ನಂತರ ವ್ಯತ್ಯಾಸ 4.9 ಅಂಕ ಮಾತ್ರ. ಶಸ್ತ್ರಕ್ರಿಯೆಯ ಪರೀಕ್ಷೆಯಲ್ಲಿ ತನಗೇನಾಗಿದೆ ಎಂಬುದು ರೋಗಿಗೆ ಗೊತ್ತಿರುವುದರಿಂದ ನಂಬಿಕೆಯ ಪಾಲೂ ಅಂಕದಲ್ಲಿ ಸೇರುತ್ತದೆ ಎಂಬುದನ್ನು ಗಮನದಲ್ಲಿಡಬೇಕು. ಶಸ್ತ್ರಕ್ರಿಯೆಯೊಂದಿಗೆ ಕಾಯಿಲೆ ಮುಗಿಯುವುದೂ ಇಲ್ಲ. ಬೆಲ್ಜಿಯಮ್ಮಿನ ಗೆಂಟ್‌ನಲ್ಲಿ 12 ವರ್ಷ ಹಿಂಬಾಲಿಸಿದ ದುರ್ಮಾಂಸದ ರೋಗಿಗಳಲ್ಲಿ ಸುಮಾರು ಶೇ. 79 ಮಂದಿಗೆ ಅದು ಮರಳಿತ್ತು. ಬಾಯಿ ಬಿಡಿಸಿದ್ದರಿಂದ ಆಗುವ ದೊಡ್ಡ ಲಾಭವೆಂದರೆ ತೊಳೆಯುವ ನೀರು ಮತ್ತು ಔಷಧಿ ಸೈನಸ್ಸಿನೊಳಗೆ ತಲುಪುವುದು. ಶಸ್ತ್ರಕ್ರಿಯೆಯ ನಂತರ ಸ್ಪ್ರೇ ಬಿಟ್ಟುಬಿಟ್ಟವರು ಆ ಲಾಭವನ್ನೇ ಕಳೆದುಕೊಂಡಂತೆ.

2019ರಲ್ಲಿ ಕ್ಲಾಸ್ ಬಾಖರ್ಟ್ ಮತ್ತು ಸಂಗಡಿಗರು ಒಟ್ಟು 724 ರೋಗಿಗಳ ಎರಡು ಪರೀಕ್ಷೆಗಳನ್ನು ಪ್ರಕಟಿಸಿದರು. ಇಂಟರ್‌ಲ್ಯೂಕಿನ್ 4 ಮತ್ತು 13ರ ಸಂದೇಶ ತಡೆಯುವ ಡುಪಿಲುಮ್ಯಾಬ್ ಚುಚ್ಚುಮದ್ದು ದುರ್ಮಾಂಸವನ್ನು ಕುಗ್ಗಿಸಿತು, ವರ್ಷಗಳಿಂದ ಕಳೆದುಹೋಗಿದ್ದ ವಾಸನೆಯನ್ನು ಹಲವರಿಗೆ ಮರಳಿ ಕೊಟ್ಟಿತು. ಅದೇ ವರ್ಷ ಅಮೆರಿಕ ಒಪ್ಪಿಗೆಯಿತ್ತಿತು. 2020ರಲ್ಲಿ ಒಮಾಲಿಜುಮ್ಯಾಬ್, 2021ರಲ್ಲಿ ಮೆಪೊಲಿಜುಮ್ಯಾಬ್ ಸೇರಿದವು. ಮೆಪೊಲಿಜುಮ್ಯಾಬ್‌ನ 407 ರೋಗಿಗಳ ಪರೀಕ್ಷೆಯಲ್ಲಿ ಮತ್ತೆ ಶಸ್ತ್ರಕ್ರಿಯೆ ಬೇಕಾದವರು ಔಷಧಿಯ ಗುಂಪಿನಲ್ಲಿ ಶೇ. 9, ಹುಸಿ ಮದ್ದಿನ ಗುಂಪಿನಲ್ಲಿ ಶೇ. 23. ಟೆಜೆಪೆಲುಮ್ಯಾಬ್ 2025ರ ಫಲಿತಾಂಶದಲ್ಲಿ ಇನ್ನೂ ಮುಂದೆ ಹೋಯಿತು. ಇವು ನಿಜವಾದ ಸಾಧನೆಗಳು. ಆದರೆ ಇವು ಪರೀಕ್ಷೆಗೊಳಗಾಗಿರುವುದು ತೀವ್ರ ದುರ್ಮಾಂಸದ ರೋಗಿಗಳಲ್ಲಿ. 24 ವಾರಕ್ಕೆ ಡುಪಿಲುಮ್ಯಾಬ್ ನಿಲ್ಲಿಸಿದವರಲ್ಲಿ ಲಕ್ಷಣಗಳು ಮರಳತೊಡಗಿದವು. ಯಾವಾಗ ನಿಲ್ಲಿಸಬಹುದು ಎಂಬ ಪ್ರಶ್ನೆ ಇನ್ನೂ ತೆರೆದಿದೆ. ಬೆಲೆ ಭಾರತದ ಬಹುಪಾಲು ಕುಟುಂಬಗಳಿಗೆ ಎಟುಕದು.

ಸಂಶೋಧನೆಯ ಹಣ ಹೆಚ್ಚಾಗಿ ಹರಿಯುತ್ತಿರುವುದು ಇಂಥ ದುಬಾರಿ ಔಷಧಿಗಳ ಕಡೆಗೆ. ದುರ್ಮಾಂಸವಿಲ್ಲದ, ಇಯೊಸಿನೊಫಿಲ್ ಇಲ್ಲದ, ಸಾಮಾನ್ಯ ಕ್ಲಿನಿಕ್ಕಿಗೆ ಬರುವ ರೋಗಿಗಾಗಿ ನಡೆಯುವ ಪರೀಕ್ಷೆಗಳು ಕಡಿಮೆ. ಕಟ್ಟಿಗೆ ಒಲೆಯ ಹೊಗೆ, ಗಣಿ ಮತ್ತು ಕಲ್ಲುಕ್ವಾರಿಯ ಧೂಳು, ನಗರದ ವಾಹನದ ಗಾಳಿ ಇವುಗಳ ನಡುವೆ ಬದುಕುವವರ ಸೈನಸ್ಸನ್ನು ಅರಿಯಲು ಗೆಂಟ್‌ನ ರೋಗಿಗಳ ಲೆಕ್ಕ ಸಾಲದು. ವೈದ್ಯಕೀಯ ಪರೀಕ್ಷೆಗಳನ್ನು ಮೊದಲೇ ನೋಂದಾಯಿಸುವ ರಾಷ್ಟ್ರೀಯ ದಾಖಲೆ 2007ರಿಂದ ಭಾರತದಲ್ಲಿದೆ. ಪ್ರತಿದಿನ ನೂರಾರು ರೋಗಿಗಳನ್ನು ನೋಡುವ ನಮ್ಮ ವೈದ್ಯಕೀಯ ಕಾಲೇಜುಗಳು ಸ್ನಾಟ್ ಅಂಕವನ್ನು ಕ್ರಮವಾಗಿ ಬರೆದಿಟ್ಟರೂ ಸಾಕು, ಕೆಲಸ ಶುರುವಾಗುತ್ತದೆ.

ಓದುಗರು ಇನ್ನೊಂದು ವಿಷಯ ತಿಳಿದಿರಬೇಕು. ಒಂದೇ ಪಕ್ಕದ ಕಾಯಿಲೆಯಿರುವವರನ್ನು ಮೇಲಿನ ಬಹುತೇಕ ಪರೀಕ್ಷೆಗಳಿಂದ ಹೊರಗಿಡಲಾಗುತ್ತದೆ. ಹುಳುಕು ಹಲ್ಲಿನ ಬೇರು, ಶಿಲೀಂಧ್ರದ ಉಂಡೆ ಅಥವಾ ಗಡ್ಡೆ ಅದಕ್ಕೆ ಕಾರಣವಾಗಿರಬಹುದು. ಉಪ್ಪುನೀರು ಮತ್ತು ಸ್ಪ್ರೇ ಅದನ್ನು ಗುಣಪಡಿಸಲಾರವು. ಒಂದೇ ಹೊಳ್ಳೆ ಕಟ್ಟುತ್ತಿದ್ದರೆ, ಅದರಿಂದ ದುರ್ವಾಸನೆಯ ಕೀವೋ ರಕ್ತವೋ ಬರುತ್ತಿದ್ದರೆ ಕಿವಿ–ಮೂಗು–ಗಂಟಲು ತಜ್ಞರನ್ನು ಬೇಗ ಕಾಣಿ. ಕಣ್ಣು ಊದಿದರೆ, ದೃಷ್ಟಿ ಮಂಜಾದರೆ, ಒಂದು ವಸ್ತು ಎರಡಾಗಿ ಕಂಡರೆ ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.